ತೊಳೆದರೂ ಹೋಗದ ಕಪ್ಪು

ಇಂದು ಬೆಳಿಗ್ಗೆ ಚಿತ್ರಾನ್ನಕ್ಕೆ ಹಿಂಡಿದ ನಿಂಬೆಹೋಳನ್ನು ಎಸೆಯದೆ, ಅರಿಶಿನ ಹತ್ತಿದ ಬೆರಳಿಗೆ ಉಜ್ಜಿಕೊಂಡೆ. ಆ ವಾಸನೆಗೆ ಗಿರಿಜೆಯ ಕೈ ನೆನಪಾಯಿತು; ಜೊತೆಗೆ ನನ್ನ ದಡ್ಡತನವೂ.

ನಾನು ಟೀಚರಾಗಿದ್ದವಳು. ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳ ಉಗುರು ನೋಡುವುದು, ಕೊಳೆಯಿದ್ದರೆ ನಲ್ಲಿಗೆ ಅಟ್ಟುವುದು ನನ್ನ ಕ್ರಮ. ನಿವೃತ್ತಿಯಾದರೂ ಚಾಳಿ ಬಿಡಲಿಲ್ಲ. ನೀವು ಮನೆಗೆ ಬಂದರೂ ನಾನು ಮೊದಲು ನೋಡುವುದು ಮುಖವಲ್ಲ, ಉಗುರು. ಬೇಸರಿಸಬೇಡಿ.

ನನ್ನ ಹಳೆಯ ವಿದ್ಯಾರ್ಥಿನಿ ಗಿರಿಜೆ ಕೆಳದಿ ಕಡೆಯಿಂದ ಸಾಗರದ ಸಂತೆಗೆ ಸೊಪ್ಪು ತರುತ್ತಾಳೆ. ಮಾರಿ ಮುಗಿಸಿ ನಮ್ಮಲ್ಲಿ ಕಾಫಿ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ. ಹಸಿ ಅಡಿಕೆ ಸುಲಿದವರ ಕೈ ಕಪ್ಪಾಗುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಆದರೆ ಒಂದು ವರ್ಷ ಸುಗ್ಗಿ ಮುಗಿದು ಯುಗಾದಿ ಕಳೆದರೂ ಅವಳ ಅಂಗೈ ಗೆರೆಗಳು ಮಸಿಯಲ್ಲಿ ಎಳೆದಂತೆಯೇ ಇದ್ದವು.

"ಕೈ ತೊಳಿಯೋಕೆ ಎಂತ ಸೋಮಾರಿತನ ನಿಂಗೆ?" ಎಂದು ನಿಂಬೆಹೋಳು ಕೊಟ್ಟೆ.

"ತಿಕ್ಕಿ ತಿಕ್ಕಿ ಚರ್ಮ ಹೋಯ್ತು ಟೀಚರೇ, ಕಪ್ಪು ಹೋಗ್ಲಿಲ್ಲ. ಬೇಕಾದ್ರೆ ಮಾರ್ಕ್ಸ್ ಕಳೀರಿ," ಎಂದು ನಕ್ಕಳು. ನಗುವಾಗ ಒಸಡು ಕಂಡಿತು. ಅಲ್ಲೂ ಕಪ್ಪು ಮಚ್ಚೆ.

ಅಡಿಕೆಯನ್ನು ಯಾರೂ ಒಸಡಿನಿಂದ ಸುಲಿಯುವುದಿಲ್ಲ.

"ಎಲೆ ಅಡಿಕೆ ಹಾಕ್ತೀಯಾ?"

"ಇಲ್ಲ ಮಾರಾಯ್ರೆ."

ಕಾಫಿಗೂ ಮೊದಲು ಉಪ್ಪಿನಕಾಯಿ ಕೇಳುತ್ತಿದ್ದಳು. ನಾಲ್ಕು ಮೆಟ್ಟಿಲು ಹತ್ತಲೂ ನಡುವೆ ಕೂರುತ್ತಿದ್ದಳು. ರವಿಕೆ ಸಡಿಲವಾಗಿತ್ತು. ಎಲ್ಲವೂ ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಒಸಡಿನ ಕಪ್ಪು ಕಂಡ ಮರುದಿನವೇ ಚರ್ಮದ ಡಾಕ್ಟರ ಬಳಿ ಕರೆದೊಯ್ದೆ. ಅವರು ಅಂಗೈ ನೋಡಿ, ಬಾಯಿ ತೆರೆಸಿ, "ಉಪ್ಪು ತಿನ್ನೋ ಆಸೆ ಆಗುತ್ತಾ?" ಎಂದರು. ರಕ್ತಪರೀಕ್ಷೆಯಾಯಿತು. ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಕೆಲಸ ನಿಲ್ಲಿಸುತ್ತಿದ್ದವು. ಅಪರೂಪದ ಕಾಯಿಲೆ, ಅಡಿಸನ್ ಎಂದು ಹೆಸರು.

"ಚರ್ಮ ಕಪ್ಪಾಗಿ ಮೊದಲೇ ಸೂಚನೆ ಕೊಟ್ಟಿದೆ. ಒಂದು ಜೋರು ಜ್ವರ, ವಾಂತಿ ಬಂದಿದ್ರೆ ಜೀವ ಉಳಿಸೋದು ಕಷ್ಟವಿತ್ತು. ಮಾತ್ರೆ ಒಂದು ದಿನವೂ ತಪ್ಪಬಾರದು," ಎಂದರು ಡಾಕ್ಟರು.

ನಾನು ತಲೆ ತಗ್ಗಿಸಿದೆ. ಹೊರಗೆ ಬಂದ ಮೇಲೆ ಗಿರಿಜೆ, "ಅಂತೂ ಕೊಳೆ ಅಲ್ಲ ಅಂತಾಯ್ತಲ್ಲ ಟೀಚರೇ," ಎಂದಳು. ಆ ದಿನ ಬಸ್ಸಿನಲ್ಲಿ ಅವಳಷ್ಟು ಸಂತೋಷವಾಗಿ ಯಾರೂ ಕೂತಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವಳಿಗೆ ಫೋನು ಮಾಡಿ ಮಾತ್ರೆ ವಿಚಾರಿಸುತ್ತೇನೆ. ಇಂದು ಇದನ್ನು ಬರೆಯುತ್ತ ಕೂತು ಐದು ನಿಮಿಷ ತಡವಾಯಿತು. ಅವಳದೇ ಫೋನು ಬಂತು.

"ಮಾತ್ರೆ ನುಂಗಿ ಆಯ್ತು. ನೀವ್ಯಾಕೆ ಲೇಟು? ಬೆಂಚಿನ ಮೇಲೆ ನಿಲ್ಲಿ."

ನನ್ನ ಮಂಡಿಗೆ ಬೆಂಚು ಹತ್ತಲಾಗದು. ಎದ್ದು ನಿಂತೇ ಮಾತಾಡಿದೆ.