ಬಡಿಸಿಟ್ಟ ಪ್ಲೇಟು, ತೆಗೆದಿಟ್ಟ ಉತ್ತರ

ನನ್ನ ಮೊಮ್ಮಗಳ ಮಾತನ್ನು ಅವಳ ಆಫೀಸಿನವರು ಒಪ್ಪಿದರು. ಮೊದಲು ಇಷ್ಟು ಹೇಳಿಬಿಡುತ್ತೇನೆ, ಉಳಿದದ್ದು ಮತ್ತೆ. ಎರಡು ಮೂರು ವರ್ಷವಾಯಿತು, ಆದರೂ ಹೇಳಲು ಹೊರಟರೆ ಕೂತಲ್ಲಿ ಕೂರಲಾಗುವುದಿಲ್ಲ.

ಅವಳು ಡೊಂಬಿವಲಿಯಿಂದ ಹೊರಟು ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಐರೋಲಿಯ ಆಫೀಸಿಗೆ ಹೋಗುವವಳು. ಅಲ್ಲಿ ಡೇಟಾಬೇಸ್ ಕಟ್ಟುತ್ತಾರೆ. ಭಿವಂಡಿಯ ಗೋದಾಮುಗಳಲ್ಲಿ ಯಾವ ಮಾಲು ಎಲ್ಲಿದೆ, ಎಷ್ಟಿದೆ ಎಂದು ಕೇಳಿದ ಕೂಡಲೇ ಹೇಳಬೇಕಾದದ್ದು ಅದು. ಅದಕ್ಕೊಂದು ಹೊಸ ಸೌಲಭ್ಯ ಸೇರಿಸಲು ಆಫೀಸಿನ ದೊಡ್ಡವರ ಆಸೆ. ಒಮ್ಮೆ ಕೊಟ್ಟ ಉತ್ತರವನ್ನು ತೆಗೆದಿಡುವುದು, ಮತ್ತೆ ಅದನ್ನೇ ಕೇಳಿದರೆ ಹುಡುಕದೆ ಎತ್ತಿ ಕೊಡುವುದು. ಅರ್ಧ ಕೆಲಸವೂ ಆಗಿತ್ತು. ಬೇರೆ ಕಂಪನಿಯವರಲ್ಲಿ ಅದಿದೆ, ನಮ್ಮಲ್ಲಿಲ್ಲ ಅಂದರೆ ಗಿರಾಕಿ ಮೂಗು ಮುರಿಯುತ್ತಾನೆ ಎಂದು ಅವರು. ಬೇಡ, ನಿಧಾನವೇ ಆಗುತ್ತದೆ ಎಂದು ಇವಳೊಬ್ಬಳು. ಬೇಗ ಕೊಡುವ ವಿದ್ಯೆ ಬೇಡವೆನ್ನುತ್ತೀಯಲ್ಲ, ತಲೆ ಸರಿ ಇದೆಯಾ ಎಂದು ನಾನೇ ಬೈದಿದ್ದೆ.

ಲಾರಿ ಬಂದು ಮಾಲು ಇಳಿದರೆ ತೆಗೆದಿಟ್ಟ ಉತ್ತರ ಸುಳ್ಳಾಗುತ್ತದಂತೆ. ಅಂಥದ್ದನ್ನೆಲ್ಲ ಬಿಸಾಡುವ ತನಕ ಬಾಕಿಯವರು ಕಾಯಬೇಕಂತೆ. ಆಗ ನನಗೆ ಕಲ್ಯಾಣದ ಹೋಟೆಲು ನೆನಪಾಯಿತು. ನಾನು ಅಡುಗೆಮನೆಯಲ್ಲಿದ್ದಾಗ, ಬೆಳಗಿನ ಲೋಕಲ್ ಹಿಡಿಯುವವರಿಗೆಂದು ಇಡ್ಲಿವಡೆಗೆ ಸಾಂಬಾರು ಹೊಯ್ದು, ಚಟ್ನಿ ಹಾಕಿ, ಪ್ಲೇಟು ಸಾಲಾಗಿ ಇಡುತ್ತಿದ್ದೆವು. ಒಬ್ಬ ಚಟ್ನಿ ಹುಳಿ ಅಂದರೆ ಮುಗಿಯಿತು. ಎಲ್ಲವನ್ನೂ ಚೆಲ್ಲಿ, ತೊಳೆದು, ಮತ್ತೆ ಬಡಿಸುವಷ್ಟರಲ್ಲಿ ಜನರ ಗಾಡಿ ಹೋಗಿರುತ್ತಿತ್ತು. ಕೊನೆಗೆ ಇಡ್ಲಿಯನ್ನು ಹಬೆಯಲ್ಲೇ ಬಿಟ್ಟು, ಕೇಳಿದ ಮೇಲೆ ಬಡಿಸಿದೆವು. ಅದೇ ಬೇಗ ಆಯಿತು. ಟಿಟ್ವಾಳಾದ ಗಣಪತಿ ಗುಡಿಯ ಪ್ರಸಾದವಾದರೆ ಕಟ್ಟಿಡಬಹುದು, ದಿನವಿಡೀ ಅದು ಅದೇ.

ಇದನ್ನು ಅವಳಿಗೆ ಹೇಳಿದ್ದೇ ತಪ್ಪಾಯಿತು. ಮೀಟಿಂಗಿನಲ್ಲಿ ಇದನ್ನೇ ಹೇಳುತ್ತೇನೆ ಎಂದು ಹೊರಟಳು.

“ಅಜ್ಜಾ, ಟೆನ್ಶನ್ ನಕೋ, ಹೆದರಬೇಡಿ. ಲೆಕ್ಕ ನನ್ನ ಹತ್ತಿರ ಇದೆ, ಕಥೆ ನಿಮ್ಮದು.”

ಅವತ್ತು ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಅಷ್ಟು ಓದಿದವರ ಎದುರು ಚಟ್ನಿಯ ಕಥೆ ಹೇಳಿ ಅವಳು ನಗೆಪಾಟಲಾದರೆ? ನಾಳೆ ಅವಳ ಮಾತನ್ನು ಅಲ್ಲಿ ಯಾರು ಕೇಳುತ್ತಾರೆ? ಗ್ಯಾಲರಿಗೆ ಹೋದೆ, ಒಳಗೆ ಬಂದೆ, ಮೆಟ್ಟಿಲಿಳಿದು ಗೇಟಿನ ತನಕ ಹೋಗಿ ಫೋನು ಮರೆತೆನೆಂದು ಓಡಿ ಬಂದೆ. ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಕಟ್ ಮಾಡಿದಳು.

“ಮೀಟಿಂಗು ಅವಳದ್ದು, ಬೆವರು ನಿಮ್ಮದು, ಮಾವ,” ಎಂದಳು ಸೊಸೆ.

ನಾಲ್ಕು ಗಂಟೆಗೆ ಮೊಮ್ಮಗಳೇ ಫೋನ್ ಮಾಡಿದಳು.

“ಒಪ್ಪಿದರು ಅಜ್ಜಾ. ಅದನ್ನು ತೆಗೆದೇ ಬಿಡುತ್ತಾರೆ.”

ಗೋದಾಮಿನ ಒಂದು ದಿನದ ಕೆಲಸವನ್ನು ಆ ಸೌಲಭ್ಯ ಇಟ್ಟೂ ಇಡದೆಯೂ ಓಡಿಸಿ ತೋರಿಸಿದಳಂತೆ. ಇಟ್ಟದ್ದೇ ಹಿಂದೆ ಬಿತ್ತಂತೆ. ಆದರೂ ಯಾಕೆ ಎಂದು ದೊಡ್ಡವರ ತಲೆಗೆ ಹೋದದ್ದು ಹೋಟೆಲಿನ ಕಥೆ ಕೇಳಿದ ಮೇಲೆಯಂತೆ. ಯಾರೂ ನಗಲಿಲ್ಲವಾ ಎಂದು ಎರಡೆರಡು ಸಲ ಕೇಳಿದೆ. ನಕ್ಕರು, ಆಮೇಲೆ ಒಪ್ಪಿದರು ಎಂದಳು.

ಸಂಜೆ ಸೊಸೆ ನೀರುದೋಸೆ, ಕೋಳಿ ಸುಕ್ಕ ಮಾಡಿದಳು. ಮಗನೂ ಬೇಗ ಬಂದ. ಹಾಲ್‌ನಲ್ಲಿ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಕೂತೆವು. ಈವರೆಗೆ ಬರೆದದ್ದನ್ನು ಬಿಚ್ಚಿ ತೆಗೆಯಲಿಕ್ಕೇ ಎರಡು ತಿಂಗಳು ಬೇಕು ಎಂದಳು ಮೊಮ್ಮಗಳು.

“ಇದ್ದದ್ದನ್ನು ಇಲ್ಲ ಮಾಡಲಿಕ್ಕೆ ಎರಡು ತಿಂಗಳಾ?” ಎಂದ ಮಗ.

ಅವಳು ಅಪ್ಪನ ತಟ್ಟೆಯಿಂದ ದೊಡ್ಡ ತುಂಡನ್ನೇ ಎತ್ತಿಕೊಂಡಳು. ನಾವು ನಗುತ್ತಾ ಉಣ್ಣುತ್ತಲೇ ಇದ್ದೆವು.