ಸರ್ಕಾರಿ ದೇವರಿಗೆ ನಮಸ್ಕಾರ

ಕೊಲ್ಲಿ ದೇಶದ ಅಹ್ಮದಿಯಲ್ಲಿ ಎಣ್ಣೆ ಕಂಪನಿಗೆ ಪಂಪು ಮಾರುವ ಜಪಾನಿ ಕಚೇರಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಜಪಾನಿ ಮ್ಯಾನೇಜರರ ಕುರ್ಚಿಯ ಮೇಲೆ, ಗೋಡೆಯಲ್ಲಿ, ಮರದ ಪುಟ್ಟ ಗುಡಿಯೊಂದಿತ್ತು. ನಾನು ತುಳುವ, ಗುಡಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಸೇರಿದ ವಾರವೇ ಊದುಬತ್ತಿ ಹಚ್ಚಿ, ಬಾಳೆಹಣ್ಣಿಟ್ಟು ಕೈಮುಗಿದೆ. ಬಡ್ತಿಯ ಆಸೆಯೂ ಇತ್ತೆನ್ನಿ.

ಮ್ಯಾನೇಜರರ ಮುಖ ಬಿಳಿಚಿಕೊಂಡಿತು. "ಅದು ಹೆಡ್ಡಾಫೀಸು ಕಳಿಸಿದ್ದು. ನಾನು ಅದಕ್ಕೆ ಬಗ್ಗುವುದಿಲ್ಲ," ಎಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಅವರು ಚಿಕ್ಕವರಿದ್ದಾಗ, ಶಾಲೆಯ ಮಕ್ಕಳು ದಿನಾ ಬೆಳಿಗ್ಗೆ ಚಕ್ರವರ್ತಿಯ ಪಟವಿದ್ದ ಗುಡಿಗೆ, ಮೇಷ್ಟ್ರ ಅಪ್ಪಣೆಯಂತೆ, ಸೊಂಟ ಬಗ್ಗಿಸಬೇಕಿತ್ತಂತೆ. ಇದು ಧರ್ಮವಲ್ಲ, ದೇಶಭಕ್ತಿ ಎಂದು ಸರ್ಕಾರ ಹೇಳುತ್ತಿತ್ತಂತೆ. ಧರ್ಮವೆಂದರೆ ಬೇಡವೆನ್ನುವವರು ಹುಟ್ಟಿಕೊಳ್ಳುತ್ತಾರಲ್ಲ, ಜಾಣ ಸರ್ಕಾರ. ಅವರ ಅಣ್ಣ ಯುದ್ಧದಲ್ಲಿ ಸತ್ತಾಗ ಸರ್ಕಾರ ಅವನನ್ನೂ ಗುಡಿಗೆ ಸೇರಿಸಿ ದೇವರು ಮಾಡಿತು. ತಾಯಿಗೆ ಮಗ ಬೇಕಿತ್ತು, ದೇವರು ಸಿಕ್ಕಿದ. ಇನ್ನು ಯಾವ ಪಟಕ್ಕೂ ಬಗ್ಗಲಾರೆ ಎಂದು ಇವರು ಅಂದೇ ಆಣೆ ಹಾಕಿಕೊಂಡರು.

"ನಮ್ಮಲ್ಲೂ ಅನ್ಯಾಯವಾಗಿ ಸತ್ತವರು ದೈವವಾಗ್ತಾರೆ ಸಾರ್," ಎಂದೆ. "ಆದರೆ ನೇಮದ ದಿನ ಕೋಲ ಕಟ್ಟಿದವನ ಮೈಮೇಲೆ ಬಂದು ಊರ ಯಜಮಾನನನ್ನೇ ನಿಲ್ಲಿಸಿ ನ್ಯಾಯ ಕೇಳ್ತಾರೆ. ನಿಮ್ಮಣ್ಣ?"

"ಇಲ್ಲಿಯವರೆಗೆ ಏನೂ ಕೇಳಿಲ್ಲ."

ಬಾಯಿಲ್ಲದ ದೇವರು ಯಾವ ಸರ್ಕಾರಕ್ಕೆ ಬೇಡ?

1990ರ ಆ ಆಗಸ್ಟಿನಲ್ಲಿ ಇರಾಕಿ ಸೈನ್ಯ ಗಡಿ ದಾಟಿ ಬಂದು ದೇಶವನ್ನೇ ಹಿಡಿಯಿತು. ಪ್ರತಿ ಕಚೇರಿಯಲ್ಲೂ ತಮ್ಮ ಅಧ್ಯಕ್ಷರ ಪಟವಿರಬೇಕೆಂದು ಹುಕುಂ ಆಯಿತು. ನಮ್ಮ ಕರಾವಳಿಯವನೇ ಆದ ಬ್ಯಾರಿ ಮುಸಲ್ಮಾನ ಡ್ರೈವರು ಎಲ್ಲಿಂದಲೋ ಒಂದು ಪಟ ತಂದ. "ಎಂತ ಆಲೋಚನೆ ಭಾಯಿ? ಮೊಳೆಗೆ ಯಾರ ಪಟ ಆದ್ರೆ ಎಂತ? ನೇತಾಕಿ, ಖಲಾಸ್."

ಮರುದಿನವೇ ಅಧಿಕಾರಿಯೊಬ್ಬ ಸೈನಿಕನೊಡನೆ ಬಂದು, ಪಟಕ್ಕೆ ಬಗ್ಗಿ ಎಂದ. ನಾನೂ ಡ್ರೈವರೂ ತಕ್ಷಣ ಬಗ್ಗಿದೆವು. ಪಾಸ್‌ಪೋರ್ಟಿನ ಜೊತೆ ಬೆನ್ನೆಲುಬನ್ನೂ ಕಫೀಲನೆಂಬ ಅರಬ್ ಧಣಿಯ ಕಪಾಟಿನಲ್ಲಿಟ್ಟ ಜನ ನಾವು. ಮ್ಯಾನೇಜರರು ನೆಟ್ಟಗೆ ನಿಂತೇ ಇದ್ದರು. ಸೈನಿಕ ಬಂದೂಕೆತ್ತಿದ, ಅವರತ್ತ ಅಲ್ಲ, ಡ್ರೈವರನ ಹಣೆಗೆ.

ಆಗ ಅವರು ಹಿಮ್ಮಡಿ ಜೋಡಿಸಿ, ಕೈಗಳನ್ನು ತೊಡೆಗೆ ಒತ್ತಿ, ನಿಧಾನವಾಗಿ ಬಗ್ಗಿದರು. ಎಂಥ ನಮಸ್ಕಾರ ಅದು, ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಧಿಕಾರಿಗೆ ಪರಮ ಸಂತೋಷವಾಯಿತು. ಇವರನ್ನು ನೋಡಿ ಕಲಿಯಿರಿ ಎಂದು ನಮ್ಮಿಬ್ಬರಿಂದ ಮತ್ತೆರಡು ಸಲ ಮಾಡಿಸಿ ಹೋದ.

ಜೀಪಿನ ಸದ್ದು ಅಡಗಿತು. ಮ್ಯಾನೇಜರರು ಇನ್ನೂ ಬಗ್ಗಿಯೇ ಇದ್ದರು. ನನಗೆ ನಾಚಿಕೆಯಾಯಿತು. ಬೆನ್ನಿನ ಮೇಲೆ ಕೈಯಿಟ್ಟು, "ಅವರು ಹೋದರು ಸಾರ್, ಏಳಿ," ಎಂದೆ.

ಅವರು ನೆಲ ನೋಡುತ್ತಲೇ, ಚಿಕ್ಕ ಹುಡುಗನ ದನಿಯಲ್ಲಿ ಹೇಳಿದರು: "ಮೇಷ್ಟ್ರು ಇನ್ನೂ ಏಳು ಅಂದಿಲ್ಲ."