ಇಮ್ಮೀಡಿಯೇಟ್ ಫ್ಯಾಮಿಲಿ

ಮೇಘಾ, ನಿಖಿಲ್, ಕೇಳಿ. ನನಗೆ ಬರುವ ಇಂಗ್ಲಿಷ್ ಪದಗಳೇ ಕಡಿಮೆ. ಅವುಗಳಲ್ಲಿ ಒಂದನ್ನು ಮದುವೆಯ ದಿನ ಧೈರ್ಯವಾಗಿ ಬಳಸಿದೆ. ಬಳಸಬಾರದಿತ್ತು.

ನಿಮಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಎದುರಿಗೆ ಹೇಳಲಾಗದ್ದನ್ನು ನಮ್ಮ ಕನ್ನಡ ಸಂಘದ ಈ ಪತ್ರಿಕೆಯಲ್ಲಿ ಬರೆಯಲು ಅದೇ ನನಗೆ ಧೈರ್ಯ. (ನಿಮ್ಮಮ್ಮ ಓದಿ ಹೇಳುವ ಹೊತ್ತಿಗೆ ನಾನು ಅಡುಗೆಮನೆ ಸೇರಿರುತ್ತೇನೆ.)

ಉಳಿದ ಓದುಗರಿಗೂ ತಿಳಿಯಲಿ. ನಾನಿರುವುದು ಯೂಲೆಸ್‌ನಲ್ಲಿ, ಮಗಳು ಸುಧಾಳ ಮನೆಯಲ್ಲಿ. ಮೇಘಾ ಅವಳ ಮಗಳು, ಹ್ಯೂಸ್ಟನ್‌ನಲ್ಲಿ ಕೆಲಸ. ನಿಖಿಲ್ ಮೇಘಾಳ ತಮ್ಮ. ಕಳೆದ ತಿಂಗಳು ಮೇಘಾಳ ಮದುವೆ ಆಯಿತು. ಕಲ್ಯಾಣ ಮಂಟಪದಲ್ಲಲ್ಲ, ಲಿಯಾಂಡರ್ ಎಂಬ ಊರು ದಾಟಿ ಇನ್ನೂ ಒಳಗೆ, ಹೊಲಗಳ ನಡುವಿನ ಒಂದು ಹಳೆಯ ಕಲ್ಲಿನ ಮನೆಯಲ್ಲಿ. ಮೆಟ್ಟಿಲ ಮೇಲೆ ಕುಂಬಳಕಾಯಿ ಸಾಲಾಗಿ ಇಟ್ಟಿದ್ದರು. (ನಾನು ಸಾರು ಮಾಡಲಿಕ್ಕೆ ಎಂದುಕೊಂಡೆ. ಅಲಂಕಾರವಂತೆ.) ಅಂಗಳದಲ್ಲಿ ಒಂದು ದೊಡ್ಡ ಪೆಕಾನ್ ಮರ. ಎಲೆಯೆಲ್ಲ ಅರಿಶಿನ ಬಣ್ಣ.

ಮದುವೆಗೆ ಮುಂಚೆಯೇ ಮೇಘಾ ನನ್ನ ಕೈ ಹಿಡಿದು ಕೇಳಿದ್ದಳು: “ಅಜ್ಜಿ, ಒನ್ ಫೋಟೋ. ಯೂ ಆ್ಯಂಡ್ ಮಿ, ಆ ಮರದ ಕೆಳಗೆ. ಪ್ರಾಮಿಸ್?”

“ಪ್ರಾಮಿಸ್” ಎಂದೆ.

ಅವಳೇಕೆ ಮಾತು ತೆಗೆದುಕೊಂಡಳು? ನನ್ನನ್ನು ಬಲ್ಲಳು, ಅದಕ್ಕೆ. ನಿಮ್ಮ ಅಜ್ಜ ಹೋದ ಮೇಲೆ ಶುಭಕಾರ್ಯಗಳಲ್ಲಿ ಹಿಂದೆ ಸರಿಯುವುದು ನನ್ನ ಕಾಲಿಗೇ ಅಭ್ಯಾಸವಾಗಿದೆ. ಯಾರೂ ಹೇಳಬೇಕಿಲ್ಲ. ಅಂದು ಬೆಳಿಗ್ಗೆ ಧಾರೆಯ ಹೊತ್ತಿಗೂ ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಆದರೆ ಫೋಟೋಕ್ಕೆ ನಿಲ್ಲಬೇಕೆಂದು ನಿರ್ಧರಿಸಿದ್ದೆ. ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟಿದ್ದೆ.

ಫೋಟೋಗ್ರಾಫರ್ ಒಬ್ಬ ಹುಡುಗಿ. ಎರಡು ಹೆಗಲಿಗೆ ಎರಡು ಕ್ಯಾಮೆರಾ, ಕಾಲಿಗೆ ಕೌಬಾಯ್ ಬೂಟು. ಸಂಜೆ ಬಿಸಿಲು ಮರದ ಎಲೆಗಳಲ್ಲಿ ಇಳಿಯುತ್ತಿದ್ದಂತೆ ಅವಳಿಗೆ ಅವಸರ ಹತ್ತಿತು. ಸೂರ್ಯ ಗುಡ್ಡದ ಹಿಂದೆ ಹೋದರೆ ಈ ಬೆಳಕು ಸಿಗುವುದಿಲ್ಲವಂತೆ. ಮೊದಲು ಮನೆಯವರೆಲ್ಲ ಒಟ್ಟಿಗೆ, ಆಮೇಲೆ ನಾನು ಮತ್ತು ಮೇಘಾ. ಹಾಗೆಂದು ಮಾತಾಗಿತ್ತು.

ಫೋಟೋಗ್ರಾಫರ್ ಹುಡುಗಿ ಕೈ ಎತ್ತಿ ಕೂಗಿದಳು: “ಇಮ್ಮೀಡಿಯೇಟ್ ಫ್ಯಾಮಿಲಿ, ಪ್ಲೀಸ್!”

ಈ ಪದ ನನಗೆ ಗೊತ್ತು! ನಮ್ಮೂರ ಶಾಲೆಯಲ್ಲಿ ಹೆಡ್‌ಮಾಸ್ತರರು “ಇಮ್ಮೀಡಿಯೇಟ್” ಎಂದರೆ ಕೈಯಲ್ಲಿದ್ದ ಬಳಪ ಬಿಟ್ಟು ಓಡಬೇಕು. ಫ್ಯಾಮಿಲಿಯವರೆಲ್ಲ ತಕ್ಷಣ ಬರಬೇಕಂತೆ. ಬೆಳಕು ಹೋಗುತ್ತಿದೆ. ಜನರೆಲ್ಲ ಜಗಲಿಯಲ್ಲಿ ಮಿರ್ಚಿ ಭಜಿ ತಿನ್ನುತ್ತ ಕುಳಿತಿದ್ದಾರೆ!

ಜೋರಾಗಿ ಮಾತಾಡಿ ಗೊತ್ತಿಲ್ಲದ ನಾನು ಅಂಗಳದ ನಡುವೆ ನಿಂತು ಕೂಗಿದೆ.

“ಲಗೂನ ಬರ್ರೀ! ಫೋಟೋಕ್ಕ ಕರ್ಯಾಕತ್ತಾರ! ಇಮ್ಮೀಡಿಯೇಟ್ ಅಂತ! ತಾಟ ಅಲ್ಲೇ ಇಡ್ರಿ!”

ಬಂದರು ನೋಡಿ! ಸುಧಾಳ ಆಫೀಸಿನವರು, ಆಸ್ಟಿನ್‌ನಲ್ಲಿ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರು, ಸ್ಟಾಫರ್ಡ್‌ನಿಂದ ಬಂದಿದ್ದ ನನ್ನ ಗೆಳತಿ ಶಾಂತಕ್ಕನ ಇಡೀ ಮನೆ. ಅಡುಗೆಯವನೂ ಜಾಲರಿ ಸೌಟು ಹಿಡಿದೇ ಬಂದ. ಫೋಟೋಗ್ರಾಫರ್ ಹುಡುಗಿ ನಗು ತಡೆಯಲಾರದೆ ಒಂದು ಕ್ಲಿಕ್ ಮಾಡಿದಳು. ಆಮೇಲೆ ಎರಡೂ ಕೈ ಅಡ್ಡ ಹಿಡಿದು, “ನೋ, ನೋ, ಜಸ್ಟ್ ಇಮ್ಮೀಡಿಯೇಟ್ ಫ್ಯಾಮಿಲಿ!” ಎಂದಳು.

ನಿಖಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಜ್ಜಿ! ಇಮ್ಮೀಡಿಯೇಟ್ ಮೀನ್ಸ್ ಕ್ಲೋಸ್. ತುಂಬಾ ಹತ್ತಿರದವರು, ಅಷ್ಟೇ!”

ಸುಧಾ ಒಬ್ಬೊಬ್ಬರಿಗೂ ಸಮಾಧಾನ ಹೇಳುತ್ತ ವಾಪಸ್ ಕಳಿಸತೊಡಗಿದಳು. ಶಾಂತಕ್ಕ ಸೆರಗು ಸರಿಮಾಡಿಕೊಂಡು ನನ್ನತ್ತ ತಿರುಗಿದರು.

“ಹಂಗಾರ ನಾವು ದೂರದವ್ರೇನ್ರಿ? ಬರ್ರಿ ಅಂದವ್ರೂ ನೀವ, ಹೋಗ್ರಿ ಅನ್ನವ್ರೂ ನಿಮ್ಮವ್ರ. ಭಾಳ ಛಲೋ ಆತ್ ನೋಡ್ರಿ.”

ತಮಾಷೆಗೇ ಅಂದರು ಎಂದುಕೊಳ್ಳೋಣ. ಆದರೆ ಹಿಂದಿನ ದಿನವೆಲ್ಲ ನಮ್ಮ ಮನೆಯಲ್ಲಿ ಕುಳಿತು ಮದುವೆಗೆ ಹೋಳಿಗೆ ತಟ್ಟಿದವರು ಅವರು. ನಾನೇ ಕೂಗಿ ಕರೆದು, ಅವರು ವಾಪಸ್ ಹೋಗುವಾಗ ನಾನು ಮಾತ್ರ ‘ಹತ್ತಿರದವಳು’ ಎಂದು ಅಲ್ಲಿ ನಿಲ್ಲುವುದು ಹೇಗೆ?

ನಿಲ್ಲಲಾಗಲಿಲ್ಲ. ಶಾಂತಕ್ಕನ ಜೊತೆ ನಾನೂ ಜಗಲಿಗೆ ನಡೆದೆ.

“ಅಜ್ಜಿ!” ಮೇಘಾ ಮರದ ಕೆಳಗಿನಿಂದ ಕರೆದಳು. “ಅಜ್ಜಿ, ಬಾ!”

ಕೈ ಆಡಿಸಿದೆ. ಆಮೇಲೆ ಎಂದು.

ಆಮೇಲೆ ಎಲ್ಲಿಯದು? ಜಗಲಿಯಿಂದ ನೋಡುತ್ತಿದ್ದೆ. ಮನೆಯವರ ಫೋಟೋ ಮುಗಿಯಿತು. ಮೇಘಾ ಮರದ ಕೆಳಗೆ ಒಬ್ಬಳೇ ನಿಂತು ಜಗಲಿಯ ಕಡೆ ಒಮ್ಮೆ ನೋಡಿದಳು. ನಾನು ಚಹಾದ ಲೋಟ ನೋಡಿಕೊಂಡೆ. ಮತ್ತೆ ತಲೆ ಎತ್ತುವಷ್ಟರಲ್ಲಿ ಎಲೆಗಳ ಬಣ್ಣ ಆರಿತ್ತು. ಆಮೇಲೆ ಸೀರೆ ಬದಲಿಸುವುದು, ಡ್ಯಾನ್ಸು, ಕೇಕು. ಇಳಕಲ್ ಸೀರೆಯನ್ನು ಯಾವ ಕ್ಯಾಮೆರಾಕ್ಕೂ ತೋರಿಸದೆ ಮತ್ತೆ ಪೆಟ್ಟಿಗೆಯಲ್ಲಿಟ್ಟೆ.

ಶಾಂತಕ್ಕನಿಗಾದರೂ ಸಮಾಧಾನವಾಯಿತೇ? ಜಗಲಿಯಲ್ಲಿ ನನ್ನ ಪಕ್ಕ ಕುಳಿತವರು ಒಂದು ಭಜಿ ಮುರಿದು ಬಾಯಿಗಿಟ್ಟುಕೊಂಡು ಕೇಳಿದರು: “ನೀವ್ಯಾಕ ಬಂದ್ರಿ ಇಲ್ಲೆ? ನಿಮ್ಮ ಮೊಮ್ಮಗಳು ಕರ್ಯಾಕತ್ತಿತ್ತಲ್ಲ!”

ಅವರಿಗಾಗಿ ಬಂದದ್ದು ಅವರಿಗೇ ಬೇಕಿರಲಿಲ್ಲ.

ಕಳೆದ ವಾರ ಫೋಟೋಗಳು ಬಂದವು. ಸುಧಾ ಟಿವಿಯಲ್ಲಿ ಹಾಕಿ ತೋರಿಸಿದಳು. ಮರದ ಕೆಳಗಿನ ಯಾವ ಫೋಟೋದಲ್ಲೂ ನಾನಿಲ್ಲ. ಇರುವುದು ಒಂದರಲ್ಲಿ, ಎಲ್ಲರೂ ಓಡಿ ಬರುತ್ತಿರುವ ಆ ಕ್ಲಿಕ್‌ನಲ್ಲಿ. ಅಲ್ಲಿಯೂ ಕ್ಯಾಮೆರಾಕ್ಕೆ ನನ್ನ ಬೆನ್ನು. ಒಂದು ಕೈ ಮೇಲೆ, ಯಾರನ್ನೋ ಇನ್ನೂ ಕರೆಯುತ್ತಿದ್ದೇನೆ.

ಆ ರಾತ್ರಿ ಹ್ಯೂಸ್ಟನ್‌ನಿಂದ ಮೇಘಾ ಫೋನ್ ಮಾಡಿದಳು. ಬೈಯಲಿಲ್ಲ. “ಅಜ್ಜಿ, ಯೂ ಆರ್ ಇಮ್ಮೀಡಿಯೇಟ್ ಫ್ಯಾಮಿಲಿ. ಯೂ ನೋ ದಟ್, ರೈಟ್?” ಎಂದಳು.

“ಹೂಂ” ಎಂದೆ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಆ ಪದವನ್ನೇ ಯೋಚಿಸುತ್ತಿದ್ದೇನೆ. ಹೆಡ್‌ಮಾಸ್ತರರು ಹೇಳಿದ ಅರ್ಥ ‘ತಕ್ಷಣ’. ನಿಖಿಲ್ ಹೇಳಿದ ಅರ್ಥ ‘ಹತ್ತಿರ’. ಎರಡೂ ಒಂದೇ ಅಲ್ಲವೇ? ಕರೆದ ತಕ್ಷಣ ಬರುವವರೇ ತಾನೇ ಹತ್ತಿರದವರು? ಆ ಲೆಕ್ಕದಲ್ಲಿ ತಾಟು ಬಿಟ್ಟು ಬಂದ ಶಾಂತಕ್ಕ ಹತ್ತಿರದವರು. ಸೌಟು ಹಿಡಿದು ಬಂದ ಅಡುಗೆಯವನೂ ಹತ್ತಿರದವನು.

ಮೇಘಾ ಕರೆದಾಗ ಬಾರದವಳು ನಾನೊಬ್ಬಳೇ.

ಮಕ್ಕಳೇ, ಈ ಪುಟವನ್ನು ಜೋಪಾನವಾಗಿಡಿ. ಫೋಟೋದಲ್ಲಿ ಅಜ್ಜಿಯ ಬೆನ್ನು ಮಾತ್ರ ಇದೆ. ಮುಖ ಬೇಕಾದರೆ ಇನ್ನೆಲ್ಲಿ ಹುಡುಕುತ್ತೀರಿ?